ನಡುತಿಂಗಳ ನೋವು

ವಾಸ್ಕೋ ಸ್ಟೇಷನ್ನಿನ ಟಿಕೆಟ್ ಪಾಳಿ ಮುಂದಕ್ಕೆ ಸರಿಯದೆ ರಹಿಮತಬಿಗೆ ತಲೆ ಕೆಟ್ಟಿತ್ತು. ಅದರ ಮೇಲೆ ಹಿಂದೆ ನಿಂತಿದ್ದ ಅತ್ತೆ-ಸೊಸೆಯರ ಜಗಳ ಬೇರೆ. ಸೊಸೆ ಕಿಬ್ಬೊಟ್ಟೆಯ ಒಂದು ಬದಿ ಹಿಡಿದುಕೊಂಡಿದ್ದಳು.

"ದವಾಖಾನಿಯಿಂದ ಮನಿಗೆ ಹೋಗೂದು ಬಿಟ್ಟು ಇಲ್ಲಿಗ್ಯಾಕ ಬಂದಿ, ಅಂಬಿಕಾ? ಡಾಕ್ಟರ್ ಬಾಯಿ ಏನಂದ್ಲು?"

"ಮಿಟಲ್‌ಶ್ಮರ್ಟ್ಸ್ ಅಂದ್ರು, ಅತ್ತಿ."

"ಹೆಸರು ಕೇಳಿದ್ರನ ಜ್ವರ ಬರತೈತಿ! ಏನ್ ರೋಗ ಅದು?"

"ರೋಗಲ್ಲರಿ. ಮುಟ್ಟಿಗೂ ಮುಟ್ಟಿಗೂ ನಡುವ ಬರೂ ನೋವಿಗೆ ಹಂಗಂತಾರಂತ. ಒಳಗ ತತ್ತಿ ಬಿಡುಗಡಿ ಆಗೂ ಹೊತ್ತು."

"ಮಾತ್ರಿ ಕೊಟ್ಟಾಳಲ್ಲ, ನುಂಗು. ನೋವು ಹೋಗಲಿ."

"ಇದರ ಹಾದಿನ ಕಾಯತಿದ್ನಿರಿ. ಕೂಸು ನಿಲ್ಲೂದಿದ್ರ ಈಗನ ನಿಲ್ಲಬೇಕು. ನಿಮ್ಮ ಮಗ ನೋಡಿದ್ರ ಕುಡಚಡಿ ಊರಾಗ ಉಳದು ಲಾರಿ ಹೊಡಿತಾರ. ಪ್ರತಿ ಸಲ ಅವರು ಮನಿಗೆ ಬರೂದ್ರಾಗ ನೋವು ಬಂದು ಹೋಗಿರತೈತಿ."

"ಬಾಳೂಗ ಫೋನ್ ಮಾಡಬೇಕಿಲ್ಲ?"

"ಮಾಡಿದ್ನಿ. ಮಾಲಕ ರಜಾ ಕೊಡವಲ್ಲ. ಅದಕ್ಕ ನಾನ ಹೊಂಟೇನಿ."

"ಲಾರಿ ಹುಡುಗರು ಇರೂ ಖೋಲಿಗೆ? ನಾಚಿಕಿಲ್ಲೇನ ನಿನಗ?"

"ನಾಲ್ಕು ವರ್ಷ ನಾಚಿಕಿನ ಹೊತಗೊಂಡು ತಿರಗೇನ್ರಿ, ಅತ್ತಿ. ಸಾಕಾತು."

ಅತ್ತೆ ಚಂದವ್ವ ಕೈ ಚಾಚಿದಳು.

"ಮನಿ ಕೀಲಿ ಕೊಡು. ಓಣ್ಯಾಗ ಯಾರರ ಕೇಳಿದ್ರ ತವರಿಗೆ ಹೋಗ್ಯಾಳ ಅಂತೇನಿ."

ರಹಿಮತಬಿಯ ಸರದಿ ಬಂದಿತ್ತು. ಅವಳು ಪಕ್ಕಕ್ಕೆ ಸರಿದು, "ನೀ ಮೊದಲ ತಗೋ, ತಂಗಿ," ಎಂದಳು.

ಟಿಕೆಟ್ ಸಿಕ್ಕಿದ್ದೇ ಅಂಬಿಕಾ ಗಾಡಿಯತ್ತ ಓಡಿದಳು. ಹೊಟ್ಟೆಯ ಮೇಲಿನ ಕೈ ಹಾಗೇ ಇತ್ತು.

"ಓಡಬ್ಯಾಡ!" ಚಂದವ್ವ ಕೂಗುತ್ತ ಬೆನ್ನುಹತ್ತಿದಳು. "ಮೆಲ್ಲಕ ಹೋಗ, ನನ್ನವ್ವ!"