ಸಾಕ್ಷಿ ಹೇಳಿದ ಮೇಲೆ

ಕೇರಳದ ತಿರುವಲ್ಲದ ಆಸ್ಪತ್ರೆಯಲ್ಲಿ ಹೆಂಡತಿ ರಾಹೇಲಳ ಮರಣ ಪ್ರಮಾಣಪತ್ರಕ್ಕಾಗಿ ಕಾದು ಕೂತಿದ್ದ ಮುದುಕ ಇಟ್ಟಿಯವಿರ, ಅದೇ ಬೆಂಚಿನ ಇನ್ನೊಂದು ತುದಿಯಲ್ಲಿದ್ದ ಅತ್ತೆ ಸೊಸೆಯರ ಮಾತಿಗೆ ತಲೆಯೆತ್ತಿದ.

"ಪ್ರಾರ್ಥನೆಗೆ ಗಂಟು ಕರಗಿತು ಅಂತ ಭಾನುವಾರ ಚರ್ಚಲ್ಲಿ ಸಭೆ ಮುಂದೆ ಸಾಕ್ಷಿ ಹೇಳಿದ್ದು ಯಾರು?"

"ನೀವೇ ಎಬ್ಬಿಸಿ ನಿಲ್ಲಿಸಿದಿರಿ, ಅಮ್ಮಚ್ಚಿ. ಎದೇಲಿ ಗಂಟು ಹಾಗೇ ಇದೆ."

"ಇರುತ್ತೆ! ನಿನ್ನ ನಂಬಿಕೆ ಸಾಸಿವೆ ಕಾಳಿನಷ್ಟೂ ಇಲ್ಲವಲ್ಲ."

"ಡಾಕ್ಟರು ಕೊಯ್ದು ತೆಗೆದರೆ ಬದುಕ್ತೀನಂತೆ."

"ಎದೆ ಕೊಯ್ಸಿಕೊಂಡು ನನ್ನ ಮಗನ ಮುಂದೆ ಹೇಗೆ ನಿಲ್ತೀಯಾ? ದೇವರನ್ನೇ ಸುಳ್ಳುಗಾರನ್ನ ಮಾಡ್ತೀಯಾ? ಭಯಪಡೋರ ಕೈ ಅವನು ಹಿಡಿಯಲ್ಲ ಕಣೇ."

ಇಟ್ಟಿಯವಿರ ತಲೆ ತಗ್ಗಿಸಿದ. ಆ ಕೊನೆಯ ಮಾತನ್ನೇ ಹೇಳಿ ಹೇಳಿ ಅವನು ರಾಹೇಲಳನ್ನು ಎಂಟು ತಿಂಗಳು ಆಸ್ಪತ್ರೆಗೆ ಕರೆತರದೆ ಮನೆಯಲ್ಲಿ ಕೂರಿಸಿದ್ದ.

"ಹದಿನೇಳು, ಸಾರಮ್ಮ!" ಎಂದು ನರ್ಸು ಕೂಗಿದಳು.

"ಏಳಬೇಡ. ಒಳಗೆ ಹೋದರೆ ಮನೆಗೆ ಬರಬೇಡ. ಮಗೂನ ಮುಟ್ಟೋಕೂ ಬಿಡಲ್ಲ."

"ಅಮ್ಮಚ್ಚಿ, ಮೂರು ವಾರ ಮೊಣಕಾಲೂರಿ ನಾನು ಕೇಳಿದ್ದು ಗಂಟು ಕರಗಲಿ ಅಂತ ಅಲ್ಲ."

"ಮತ್ತೇನು ಕೇಳಿದೆ?"

"ನಿಮ್ಮನ್ನ ಕಂಡರೆ ಆಗೋ ಭಯ ಹೋಗಲಿ ಅಂತ. ಇವತ್ತು ಬೆಳಿಗ್ಗೆ ಹೋಯ್ತು."

ಸಾರಮ್ಮ ಚೀಟಿ ಹಿಡಿದು ಒಳಗೆ ಹೋದಳು. ಅತ್ತೆ, ಸೊಸೆಯ ಬಟ್ಟೆ ತುಂಬಿದ ಚೀಲದಿಂದ ಬೈಬಲನ್ನು ಹೊರಗೆಳೆದು, ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು. ಚೀಲ ಬಾಯಿ ತೆರೆದುಕೊಂಡು ಬೆಂಚಿನ ಮೇಲೆ ಉಳಿಯಿತು.

ರಾಹೇಲಳ ಕಾಗದ ಕೈಗೆ ಬಂದ ಮೇಲೂ ಇಟ್ಟಿಯವಿರ ಆ ಚೀಲ ಕಾಯುತ್ತ ಕೂತಿದ್ದ.