ಲೋನಿಗೆ ಬಾಕಿ ಉಳಿದ ಕೂಗು

ಮಗನನ್ನು ಕಳೆದುಕೊಂಡೂ ಮುಂದಿನ ಸಾಲಿನಲ್ಲಿ ನೆಟ್ಟಗೆ ಕೂತಿರುವ ರೂಥೆಲ್ ಮೆಟ್‌ಕಾಫ್ ಅಮ್ಮನವರೇ, ಲೋನಿಯ ತಂಗಿ ಡಾರ್ಲಾ, ಈ ಚಳಿಯಲ್ಲೂ ಮನೆಯ ಒಲೆ ಬಿಟ್ಟು ಮೈದಾನದ ಮರದ ಬೆಂಚಿಗೆ ಬಂದಿರುವ ಹಾರ್ಲನ್‌ವಿಲ್‌ನ ಮಹಾಜನರೇ — ಎಲ್ಲರಿಗೂ ನಮಸ್ಕಾರ.

ನಾನು ಗಸ್ ಪಾವ್ಲಿಕ್, ನಮ್ಮೂರ ಬೇಸ್‌ಬಾಲ್ ತಂಡದ ಕೋಚ್. ಪರಿಚಯ ಬೇಕಾಗಿಲ್ಲ. ನಿಮ್ಮಲ್ಲಿ ಅರ್ಧ ಜನರ ಬೂಟಿಗೆ ನಾನು ಅಂಟು ಹಾಕಿದ್ದೇನೆ, ಇನ್ನರ್ಧ ಜನರ ಕಾಫಿಗೆ ಉಪ್ಪು ಹಾಕಿದ್ದೇನೆ. ಮೇಯರ್ ಸಾಹೇಬರು ಈಗಲೂ ಕೂರುವ ಮುಂಚೆ ಕುರ್ಚಿ ತಡವಿ ನೋಡಿದರು, ನಾನು ಕಂಡೆ. ಇರಲಿ ಸಾರ್, ಇವತ್ತು ಅಲ್ಲಿ ಏನೂ ಇಲ್ಲ.

ಇವತ್ತಿನ ಪೇಪರ್ ನೋಡಿದಿರಾ? ನಮ್ಮ ಲೋನಿ ಬಗ್ಗೆ ಬರೆದಿದ್ದಾರೆ — ‘ಅರಳುವ ಮುನ್ನವೇ ಉದುರಿದ ಮೊಗ್ಗು.’ ಕೆಳಗೆ ಅಂಕಿ ಹಾಕಿದ್ದಾರೆ. ಮೇಲಿನ ಲೀಗಿನಲ್ಲಿ ಹೋಮ್ ರನ್: ಸೊನ್ನೆ.

ಸೊನ್ನೆ. ಇದು ನನಗೆ ಒಪ್ಪಿಗೆ ಇಲ್ಲ. ಅದನ್ನು ಹೇಳುವುದಕ್ಕೇ ಎದ್ದು ನಿಂತಿದ್ದೇನೆ.

ಮೊಗ್ಗಂತೆ. ಅವನು ಇಲ್ಲಿಗೆ ಬಂದಾಗ ಮೊಗ್ಗೂ ಆಗಿರಲಿಲ್ಲ ಸ್ವಾಮಿ, ಕಡ್ಡಿ. ಪೀಚ್ ತೋಟದಲ್ಲಿ ಹಣ್ಣು ಕಿತ್ತು ಬೆಳೆದ ಕೈ, ಉದ್ದನೆಯ ಕಾಲು. ಎಡಗಡೆ ಬೇಲಿ ಹತ್ತಿರ ನಿಲ್ಲಿಸಿದೆ. ಚೆಂಡು ಬ್ಯಾಟಿಗೆ ತಾಗುವ ಮುಂಚೆಯೇ ಓಡುತ್ತಿದ್ದ; ಅದು ಎಲ್ಲಿ ಬೀಳುತ್ತದೆ ಎಂದು ಚೆಂಡಿಗಿಂತ ಮೊದಲು ಇವನಿಗೆ ಗೊತ್ತು. ಆದರೆ ಬ್ಯಾಟ್ ಹಿಡಿದರೆ — ದೇವರೇ ಗತಿ. ತಿರುವು ಚೆಂಡು ಕಂಡರೆ ಹಾವು ಕಂಡವನ ಹಾಗೆ ಹಿಂದಕ್ಕೆ ಹಾರುತ್ತಿದ್ದ. ಮೇಲಿನ ಲೀಗಿನಿಂದ ಅವನನ್ನು ನೋಡಲು ಬಂದವರು ಹೇಳಿ ಹೋದರು, ‘ಕಾಲಿದೆ, ಕೈ ಇಲ್ಲ.’ ನಾನು ಹೇಳಿದೆ, ‘ನಿಮಗೆ ಕಣ್ಣಿದೆ, ನೋಟ ಇಲ್ಲ.’ ಆ ಮಾತಿಗೆ ನನ್ನ ಕೆಲಸ ಹೋಗಬೇಕಿತ್ತು. ಈ ಸಂಬಳಕ್ಕೆ ಇನ್ನೊಬ್ಬ ಸಿಗಲಿಲ್ಲ, ಉಳಿದುಕೊಂಡೆ.

ಮೂರು ವರ್ಷ, ದಿನಾ ಬೆಳಿಗ್ಗೆ, ಈ ಬೆಂಚುಗಳ ಹಿಂದೆ ನಾನು ಎಸೆದೆ, ಅವನು ಬೀಸಿದ. ಊರೂರಿಗೆ ಬಸ್ಸಿನಲ್ಲಿ ಹೋಗುವಾಗ ಸಾಮಾನಿಡುವ ಹಲಗೆ ಹತ್ತಿ ಮಲಗುತ್ತಿದ್ದ. ‘ಇಳಿಯೋ, ಬಿದ್ದೀಯಾ’ ಅಂದರೆ, ‘ಮೇಲಕ್ಕೆ ಹೋಗೋದು ಅಭ್ಯಾಸ ಆಗ್ಲಿ ಬಿಡಿ ಯಜಮಾನ್ರೇ’ ಅನ್ನುತ್ತಿದ್ದ.

ಕೊನೆಗೂ ಒಂದು ಸಂಜೆ ಇಲ್ಲೇ, ಚೆಂಡು ಬೇಲಿ ದಾಟಿತು. ಅವನ ಮೊದಲ ಹೋಮ್ ರನ್. ನಮ್ಮ ಪದ್ಧತಿ ನಿಮಗೆ ಗೊತ್ತು — ಹುಡುಗನ ಮೊದಲ ಹೋಮ್ ರನ್‌ಗೆ ಡಗೌಟಿನ ಬೆಂಚಿನಲ್ಲಿ ಕೂತ ಆಟಗಾರರು ಯಾರೂ ಮಾತಾಡಬಾರದು. ಎಲ್ಲರೂ ಮೂತಿ ತಿರುಗಿಸಿ ಕೂರಬೇಕು, ಏನೂ ನಡೆದೇ ಇಲ್ಲ ಅನ್ನುವ ಹಾಗೆ. ಹುಡುಗ ಪೆಚ್ಚಾದ ಮೇಲೆ ಒಟ್ಟಿಗೆ ಕೂಗಿ ಮೇಲೆ ಬೀಳಬೇಕು. ಲೋನಿಗೆ ಇದು ಗೊತ್ತಿರಲಿಲ್ಲ. ನಾಲ್ಕೂ ಬೇಸ್ ತುಳಿದು ಓಟ ಮುಗಿಸಿ ಹಲ್ಲು ಕಿಸಿದುಕೊಂಡು ಬಂದ. ಒಬ್ಬನೂ ನೋಡಲಿಲ್ಲ. ಒಬ್ಬ ಉಗುರು ಕಚ್ಚುತ್ತಿದ್ದಾನೆ, ಒಬ್ಬ ಬೂಟಿನ ದಾರ ಕಟ್ಟುತ್ತಿದ್ದಾನೆ. ನನ್ನ ಹತ್ತಿರ ಬಂದು ಮೆಲ್ಲಗೆ —

‘ಕೋಚ್, ನಾನು ಬೇಸ್ ಮುಟ್ಟಿಲ್ವಾ? ಲೆಕ್ಕಕ್ಕೆ ಬರಲ್ವಾ?’

ನಾನು ಆಕಾಶ ನೋಡಿದೆ. ಅಷ್ಟೇ. ಹುಡುಗ ತಿರುಗಿ ಮೈದಾನಕ್ಕೆ ಓಡಿದ. ಮೊದಲನೇ ಬೇಸು, ಎರಡನೇ ಬೇಸು — ಮತ್ತೆ ಒಂದೊಂದನ್ನೂ ತುಳಿಯುತ್ತಾ. ಅಂಪೈರ್ ಹಿಂದೆ ಹಿಂದೆ, ‘ಏಯ್, ಎಲ್ಲಿಗಯ್ಯಾ? ಆಯ್ತಲ್ಲಯ್ಯಾ ನಿಂದು.’ ಬೇಸೂ ಮುಟ್ಟಿದ್ದ, ಬೇಸರವೂ ಮುಟ್ಟಿತ್ತು. ಆಮೇಲೆ ನಾವು ಕೂಗಿದ ಕೂಗಿಗೆ ನದಿಯಾಚೆ ನಾಯಿಗಳು ಬೊಗಳಿದವು.

ಹೋದ ಆಗಸ್ಟ್ ಕೊನೆಗೆ ಮೇಲಿನ ಲೀಗಿನ ತಂಡದಿಂದ ಅವನಿಗೆ ಕರೆ ಬಂತು. ನಾನು ಸುಮ್ಮನೆ ಹೇಳುವ ಪ್ರಾಣಿಯೇ? ಕೋಣೆಗೆ ಕರೆದೆ, ಮುಖ ಇಳಿಬಿಟ್ಟೆ. ‘ಚೀಲ ಕಟ್ಟು. ನಿನ್ನ ಇಲ್ಲಿಂದ ತೆಗೆದಿದಾರೆ.’

ಟೋಪಿ ತೆಗೆದು ಮೇಜಿನ ಮೇಲಿಟ್ಟ. ಅಳಲಿಲ್ಲ. ‘ಸರಿ ಕೋಚ್. ಸಂಜೆ ಆಟಕ್ಕೆ ಎಡಗಡೆ ಬೇಲಿ ಯಾರು ಕಾಯ್ತಾರೆ?’

‘ಅದಲ್ವೋ ಕತ್ತೆ. ತೆಗೆದು ಎಲ್ಲಿಗೆ ಹಾಕ್ತಾರೆ ಅಂತ ಕೇಳೋ.’

ಅರ್ಥ ಆದ ಮೇಲೆ ಮಾಡಿದ್ದೇನು? ಅಲ್ಲೇ ಇದ್ದ ಫೋನು ಎತ್ತಿ, ತಾಯಿಗೆ — ‘ಅಮ್ಮಾ, ನನ್ನ ತೆಗೆದ್ರು.’ ಆ ಕಡೆಯಿಂದ ರೂಥೆಲ್ ಅಮ್ಮ, ‘ಬಾ ಮಗಾ. ಕೋಳಿ ಕಾರ್ಖಾನೇಲಿ ಕೆಲಸ ಇದೆ, ಮಾತಾಡಿಡ್ತೀನಿ.’ ಆಮೇಲೆ ನಿಜ ಹೇಳಿ ಬೈಸಿಕೊಂಡ. ನನ್ನ ಶಿಷ್ಯ.

ಅದೇ ಈಗ ಕಷ್ಟವಾಗಿರುವುದು.

ನಿನ್ನೆ ರೂಥೆಲ್ ಅಮ್ಮ ಅಡುಗೆಮನೆಯಲ್ಲಿ ಕೂರಿಸಿ, ಜೋಳದ ರೊಟ್ಟಿ ಮುಂದಿಟ್ಟು, ನನ್ನ ಮುಖ ನೋಡದೆ ಕೇಳಿದರು — ‘ಗಸ್, ಮೇಲಿನ ತಂಡಕ್ಕೆ ಹೋದ್ಮೇಲೆ ಫೋನಲ್ಲಿ ಅವ್ನು ಹೋಮ್ ರನ್ ಹೊಡೆದೆ ಅಂದಿದ್ದ. ಪೇಪರಲ್ಲಿ ಇಲ್ಲ. ಹೊಡೆದ್ನಾ? ಇಲ್ಲ, ನನ್ನ ಖುಷಿಗೆ ಅಂದ್ನಾ? ಮೊದಲೂ ಹಂಗೆ ಆಟ ಆಡ್ಸಿದ್ದ.’

ಆಗ ಇನ್ನೊಂದು ರೊಟ್ಟಿ ಕೇಳಿ ಮಾತು ತಪ್ಪಿಸಿಕೊಂಡೆ. ಈಗ, ಎಲ್ಲರ ಎದುರಿಗೆ ಹೇಳುತ್ತೇನೆ. ಜೀವಮಾನವೆಲ್ಲ ಸುಳ್ಳು ಹೇಳಿ ನಗಿಸಿದವನು ನಾನು. ಇದನ್ನು ಮಾತ್ರ ನಂಬಿ.

ಸೆಪ್ಟೆಂಬರಿನಲ್ಲಿ ಕೈಸಹಾಯಕ್ಕೆ ನನ್ನನ್ನೂ ಮೇಲಿನ ತಂಡ ಕರೆಸಿಕೊಂಡಿತ್ತು. ಅಲ್ಲಿದ್ದೆ. ಸೋತು ಮುಗಿದಿದ್ದ ತಂಡ, ವಾರದ ನಡುವಿನ ಮಧ್ಯಾಹ್ನ, ಖಾಲಿ ಬೆಂಚುಗಳು, ಕಪ್ಪು ಮೋಡ. ನಾಲ್ಕನೇ ಇನ್ನಿಂಗ್ಸ್. ಎಸೆದದ್ದು — ಕೇಳಿ — ತಿರುವು ಚೆಂಡು. ಹಾವು. ಲೋನಿ ಹಾರಲಿಲ್ಲ. ನಿಂತ. ಹೀಗೆ — ಬೀಸಿದ. ಚೆಂಡು ಎಡಗಡೆ ಬೇಲಿ ದಾಟಿ, ಖಾಲಿ ಕುರ್ಚಿಗಳ ನಡುವೆ ಟಪಟಪ ಅಂತ ಇಳಿದ ಸದ್ದು ನನ್ನ ಈ ಕಿವಿಯಲ್ಲಿದೆ.

ನಾಲ್ಕೂ ಬೇಸ್ ಮುಟ್ಟಿ ಬಂದ. ಡಗೌಟು ಮೌನ. ಅಲ್ಲಿಯ ದೊಡ್ಡ ದೊಡ್ಡ ಆಟಗಾರರೂ ಮೂತಿ ತಿರುಗಿಸಿ ಕೂತರು. ಈ ಸಲ ಅವನಿಗೆ ಗೊತ್ತು. ನನ್ನ ಪಕ್ಕ, ಬೆಂಚಿನ ತುದಿಯಲ್ಲಿ ಕೂತು, ಕೈ ಕಟ್ಟಿಕೊಂಡು ಹೇಳಿದ —

‘ಈ ಸಲ ವಾಪಸ್ ಓಡಲ್ಲ ಯಜಮಾನ್ರೇ. ಎಷ್ಟೊತ್ತು ಸುಮ್ಮನಿರ್ತೀರೋ ಇರಿ. ನಾನು ಕಾಯ್ತೀನಿ.’

ಆಗ ಸಿಡಿಲು. ಹಿಂದೆಯೇ ಮಳೆ. ಅಂಪೈರ್ ಕೈ ಬೀಸಿದ, ಎಲ್ಲರೂ ಒಳಗೆ ಓಡಿದೆವು. ಮಳೆ ಬಿಡಲಿಲ್ಲ. ಐದು ಇನ್ನಿಂಗ್ಸ್ ಆಗದೆ ನಿಂತ ಆಟ ಆಟವೇ ಅಲ್ಲ, ನಿಯಮ. ಆಟವೇ ಇಲ್ಲ ಅಂದ ಮೇಲೆ ಹೋಮ್ ರನ್ ಎಲ್ಲಿಯದು? ಇಲ್ಲದ ಹೋಮ್ ರನ್‌ಗೆ ಕೂಗುವುದು ಹೇಗೆ? ಯಾರೂ ಕೂಗಲಿಲ್ಲ. ಲೋನಿಯೇ ನಮ್ಮನ್ನು ಸಮಾಧಾನ ಮಾಡಿದ, ‘ಎತ್ತಿಡಿ ಕೋಚ್. ಬರೋ ವರ್ಷ ಎರಡೂ ಸೇರಿಸಿ ಕೂಗಿ.’

ಬರುವ ವರ್ಷ. ಹೋದ ಭಾನುವಾರ ಸೇತುವೆ ಮೇಲೆ ಹಿಮ ಗಟ್ಟಿಯಾಗಿತ್ತು, ಅವನ ಗಾಡಿ ಜಾರಿತು. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದಕ್ಕೆ ಅಷ್ಟು ಮರ್ಯಾದೆ ಕೊಡುವ ಮನಸ್ಸಿಲ್ಲ.

ಮಳೆ ಮೈದಾನ ತೊಳೆಯಲಿ. ನಿಯಮ ಲೆಕ್ಕದ ಪುಸ್ತಕ ತೊಳೆಯಲಿ. ಸೊನ್ನೆ ಅಂತೀರಾ — ಸೊನ್ನೆಯೂ ಗುಂಡಗಿದೆ, ಚೆಂಡೂ ಗುಂಡಗಿದೆ. ನೀವು ಬರೆದದ್ದು ಅದು, ನಾನು ಕಂಡದ್ದು ಇದು. ಹೊಡೆದ, ರೂಥೆಲ್ ಅಮ್ಮ. ನಿಮ್ಮ ಮಗ ಹೊಡೆದ. ಆಟ ಆಡಿಸಲಿಲ್ಲ. ಆಡಿದ.

ಆದ್ದರಿಂದ ಲೋನಿಗೆ ನಾವು ತೋರಿಸಬೇಕಾದದ್ದು ಶೋಕದ ಮೌನ ಅಲ್ಲ. ಆ ಮಧ್ಯಾಹ್ನ ಶುರುವಾದ ಮೌನವೇ ಇನ್ನೂ ಮುಗಿದಿಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಟೋಪಿ ತೆಗೆಯಿರಿ. ಅಗೋ, ಡಗೌಟಿನ ಬೆಂಚಿನ ತುದಿ — ಆ ಕಡೆ ನೋಡಬೇಡಿ. ಹುಡುಗ ಈಗ ತಾನೇ ಬಂದು ಕೂತಿದ್ದಾನೆ. ಉಗುರು ನೋಡಿಕೊಳ್ಳಿ, ಆಕಾಶ ನೋಡಿ, ಬೂಟಿನ ದಾರ ನೋಡಿ. ನಗಬೇಡಿ. ಅಳುವುದೂ ಬೇಡ, ಅವನಿಗೆ ಗೊತ್ತಾಗಿಬಿಡುತ್ತದೆ.

ರೂಥೆಲ್ ಅಮ್ಮ, ಎಷ್ಟು ಹೊತ್ತು ಅನ್ನುವುದು ನಿಮಗೆ ಬಿಟ್ಟದ್ದು. ನೀವು ಕೈ ಎತ್ತಿದ ತಕ್ಷಣ ಇವರೆಲ್ಲ ಕೂಗುತ್ತಾರೆ. ನದಿಯಾಚೆಯ ನಾಯಿಗಳು ಏಳಬೇಕು.

ಈಗ — ಸುಮ್ಮನಾಗಿ.