ಪೋಷಕರ ಮೊಬೈಲ್ ನಂಬರ್

ಬರಿ ಅಂದ್ನಲ್ಲ, ಯಾಕೆ ಪೆನ್ನು ಕೆಳಗಿಟ್ಟೆ? ಎಲ್ಲಾ ತುಂಬ್ಸಿದೀಯ. ಎಸ್ರು ಕವನ, ಊರು ಮೂಗೂರು, ತಂದೆ ಹುಚ್ಚಯ್ಯ, ತಾಯಿ ಮಹದೇವಮ್ಮ... ಎಲ್ಲಾ ಸರಿಯಾಗಿ ಅದೆ. ಪೋಷಕರ ಮೊಬೈಲ್ ನಂಬರ್ ಅಂತ ಒಂದು ಕಾಲಂ ಅದೆ ನೋಡು, ಅದೊಂದು ಖಾಲಿ. ಅಣ್ಣನ ನಂಬರ್ ಮರ್ತೋಯ್ತಾ? ಎಂಟು ವರ್ಷದಿಂದ ಅದೇ ನಂಬರು ಕಣೆ. ರೇಷನ್ ಕಾರ್ಡಿಗೂ ಅದೇ, ಗ್ಯಾಸಿಗೂ ಅದೇ, ನಿನ್ ಆಧಾರಿಗೂ ಅದೇ. ಬರಿ.

ಬರೀಬೇಡ ಓಗು. ಕೌಂಟರ್ ತೆಗ್ಯೋದು ಹತ್ತೂವರೆಗೆ, ಅಲ್ಲೀಗಂಟ ಈ ಬೇವಿನ ಮರದ ಕೆಳಗೆ ಮುಖ ಊದಿಸ್ಕೊಂಡು ಕೂತಿರು. ನಂಗೇನು? ನಂಜನಗೂಡಲ್ಲಿ ಶಿಫ್ಟು ಬಿಟ್ಟು, ಸೂಪರ್‌ವೈಸರ್ ಕೈಲಿ ಬೈಸ್ಕೊಂಡು, ಈ ನರಸೀಪುರಕ್ಕೆ ಬಂದು ನಿಂತಿದೀನಿ. ತಂಗಿನ ಡಿಗ್ರಿಗೆ ಸೇರಿಸ್ಬೇಕು, ಪೋಷಕರ ಸೈನ್ ಆಕ್ಬೇಕು ಸಾ, ಒಂದಿನ ರಜ ಕೊಡಿ ಅಂತ ಕೈ ಮುಗ್ದು ಬಂದಿದೀನಿ. ಇಲ್ಲಿ ನೋಡಿದ್ರೆ ಇವಳು ತುಟಿ ಬಿಚ್ಚಲ್ಲ. ಬೆಳಿಗ್ಗೆ ಬಸ್ ಅತ್ತಿದಾಗಿಂದ ಒಂದ್ ಮಾತಾಡಿದ್ರೆ ಕೇಳು.

ಸರಿ, ಬಾಯಿ ಬೇಡ, ಕಿವಿ ಕೊಡು. ಕಾಲೇಜು ಅಂದ್ರೇನು ಅಂತ ನಮ್ ಮನೇಲಿ ಗೊತ್ತಿರೋನು ನಾನೊಬ್ನೆ. ನಲವತ್ತು ದಿನ ಆದ್ರೂ ಮೈಸೂರಲ್ಲಿ ಡಿಪ್ಲೊಮಾ ಓದಿದೋನು. ಅಪ್ಪ ತೆಂಗಿನ ಮರದಿಂದ ಬಿದ್ದು ಕಾಲು ಮುರ್ಕಳ್ದೆ ಇದ್ದಿದ್ರೆ ಇವತ್ತು ನಾನು ಎಲ್ಲೋ ಇರ್ತಿದ್ದೆ. ಮನೆಗೋಸ್ಕರ ಬಿಟ್ಟೆ... ಯಾಕೆ ಅಂಗ್ ನೋಡ್ತೀಯ? ಊರೋರೆಲ್ಲ ಯೋಳೋ ಮಾತು ಅದು, ನಾನ್ ಕಟ್ಟಿದ್ದಲ್ಲ.

ಮೊದಲ್ನೇದು, ಮುಂದಿನ ಬೆಂಚಲ್ಲಿ ಕೂರ್ಬೇಡ, ಹಿಂದಿನ ಬೆಂಚಲ್ಲೂ ಕೂರ್ಬೇಡ. ಮುಂದೆ ಕೂತ್ರೆ ಮೇಷ್ಟ್ರು ಇಂಗ್ಲಿಷಲ್ಲಿ ಏನಾರ ಕೇಳ್ತಾರೆ. ಹಿಂದೆ ಕೂತ್ರೆ ನೀನು ಇದೀಯ ಅಂತಾನೇ ಅವರಿಗೆ ಗೊತ್ತಾಗಲ್ಲ. ಮೂರನೇ ಬೆಂಚು, ಗೋಡೆ ಪಕ್ಕ. ಅರ್ಥ ಆಗ್ದಿದ್ರೆ ಆಗ್ಲಿಲ್ಲ ಅನ್ನು, ತಲೆ ಆಡಿಸ್ಬೇಡ. ನಾನು ನಲವತ್ತು ದಿನ ಆಡಿಸ್ದೆ, ಕೋಲೆ ಬಸವನಂಗೆ. ಒಂದಿನ ಮೇಷ್ಟ್ರು, ಅಷ್ಟೊತ್ತಿಂದ ತಲೆ ಆಡಿಸ್ತಿದೀಯಲ್ಲ, ನಾನ್ ಈಗ ಹೇಳಿದ್ದು ಏನು ಹೇಳಪ್ಪ ಅಂದ್ರು. ಎದ್ದು ನಿಂತೆ. ನಿಂತೇ ಇದ್ದೆ. ಇಡೀ ಕ್ಲಾಸು ನಕ್ತು ಕಣೆ. ಅರವತ್ತು ಜನ. ಆ ಮೇಷ್ಟ್ರೂ ನಕ್ಕರು.

ಇನ್ನೊಂದು. ಯಾವೂರು ಅಂತ ಕೇಳ್ತಾರೆ, ಮೂಗೂರು ಅಂತೀಯ. ಅಲ್ಲಿಗೆ ಬಿಡಲ್ಲ. ಮೂಗೂರಲ್ಲಿ ಯಾವ ಬೀದಿ ಅಂತಾರೆ. ಬೀದಿ ಕಟ್ಕೊಂಡು ಅವರಿಗೇನಾಗ್ಬೇಕು? ಕಾಗದ ಆಕ್ತಾರಾ? ಕೇಳೋದು ಬೀದಿ ಅಲ್ಲ ಅಂತ ನಿಂಗೂ ಗೊತ್ತು. ತಡವರಿಸ್ಬೇಡ. ಬುದ್ಧ ವಿಹಾರ ಇರೋ ಬೀದಿ ಅನ್ನು, ಮುಖ ನೋಡ್ಕೊಂಡೇ ಅನ್ನು. ನಾನು... ನಾನು ಬಸ್ ಸ್ಟ್ಯಾಂಡ್ ಹತ್ರ ಅಂತ ಯೋಳ್ತಿದ್ದೆ. ಅದು ಬೇಡ. ಒಂದ್ಸಲ ಸುಳ್ಳೇಳಿದ್ರೆ ದಿನಾ ಅದಕ್ಕೆ ನೀರು ಉಯ್ಯಬೇಕು.

ಮಾರ್ಕ್ಸ್ ಕಾರ್ಡು ಒರಿಜಿನಲ್ ಯಾರ ಕೈಗೂ ಕೊಡ್ಬೇಡ. ಐದು ಸೆಟ್ ಜೆರಾಕ್ಸ್ ಬ್ಯಾಗಲ್ಲೇ ಇರ್ಲಿ. ಅಟೆಂಡೆನ್ಸ್ ಎಪ್ಪತ್ತೈದಕ್ಕೆ ಕಮ್ಮಿ ಆದ್ರೆ ಪರೀಕ್ಷೆಗೆ ಕೂರ್ಸಲ್ಲ, ಆಗ ಅಳ್ತಾ ಬರ್ಬೇಡ. ಸ್ಕಾಲರ್‌ಶಿಪ್ ಅರ್ಜಿ ಕೊನೆ ದಿನದವರ್ಗೂ ಇಟ್ಕೋಬೇಡ. ಕೊನೆ ದಿನ ಅನ್ನೋದಿದೆಯಲ್ಲ... ಕೊನೆ ದಿನ ನಂಬ್ಬೇಡ.

ಆಮೇಲೆ ಫೋನು. ನಿನ್ನೆ ಸಂಜೆ ನಿನ್ ಕೈಗೆ ಕೊಟ್ನಲ್ಲ, ಅದು ನನ್ ಹಳೇದು ಅಂತ ಮುಖ ಮುರೀಬೇಡ, ಒಂದ್ ಗೀಟೂ ಬಿದ್ದಿಲ್ಲ. ನನ್ ಸಿಮ್ಮು ತೆಗ್ದಿದೀನಿ, ಫೋಟೋ ಎಲ್ಲಾ ಅಳಿಸಿದೀನಿ, ವಾಟ್ಸಾಪೂ ಅಳಿಸಿದೀನಿ. ಕ್ಲಾಸಲ್ಲಿ ಈಚೆಗೆ ತೆಗೀಬೇಡ. ಕಂಡಕಂಡೋರಿಗೆ ನಂಬರ್ ಕೊಡ್ಬೇಡ. ಬ್ಯಾಂಕೋರು ಅಂತಾರೆ, ಕಾಲೇಜೋರು ಅಂತಾರೆ, ಯಾರೇ ಕೇಳ್ಲಿ, ಓಟಿಪಿ ಮಾತ್ರ ಯಾರಿಗೂ ಕೊಡ್ಬೇಡ...

ಯಾಕ್ ನಗ್ತೀಯ?

ಇದ್ರಲ್ಲಿ ನಗೋ ಅಂಥದ್ದು ಏನದೆ? ಇಷ್ಟೊತ್ತು ಕಲ್ಲಾಗಿ ಕೂತಿದ್ದೋಳು ಈಗ ನಗ್ತಾ ಅವ್ಳೆ. ಓ... ಅದಾ? ಇನ್ನೂ ಅದೇ ತಲೇಲಿ ಅದಾ ನಿಂಗೆ? ಅದನ್ನ ನನ್ ಮೇಲೆ ಆಕ್ಬೇಡ ನೋಡು, ಮೈಯೆಲ್ಲಾ ಉರೀತದೆ. ಹಾಸನದಲ್ಲಿ ನಿಂಗೆ ದನದ ಡಾಕ್ಟ್ರು ಸೀಟು ಸಿಕ್ತು, ಒಪ್ಕಂಡೆ ಅಂತ ಕಂಪ್ಯೂಟ್ರಲ್ಲಿ ಒತ್ತೋಕೆ ಅವತ್ತೇ ಕೊನೆ ದಿನ. ಒತ್ಬೇಕು ಅಂದ್ರೆ ಓಟಿಪಿ ಬೇಕು, ಓಟಿಪಿ ಬರೋದು ನನ್ ಫೋನಿಗೆ. ನೀನು ಇಲ್ಲಿ ಚೆಲುವರಾಜು ಸೈಬರಲ್ಲಿ, ನಾನು ನಂಜನಗೂಡು ಫ್ಯಾಕ್ಟ್ರಿಲಿ. ಬರ್ಲಿಲ್ಲ. ಸರ್ವರ್ ಕೈಕೊಡ್ತು. ಐದೂವರೆಗೆ ಮುಗ್ದೋಯ್ತು. ನಾನೇನು ಆ ಸರ್ವರ್ ಒಳಗೆ ಕೂತಿದ್ನಾ?

ಮಾರನೇ ದಿನ ಚೆಲುವರಾಜು ಅಂಗ್ಡಿಗೆ ಓಗಿ ಜಗಳಕ್ಕೆ ನಿಂತಿದ್ದು ಯಾರು? ನಾನು. ಕಾಲರ್ ಇಡ್ದಿದ್ದೆ. ನಿನ್ ಮುಂದೆನೇ, ಅವ್ವನ ಮುಂದೆನೇ. ಅವನು ನಂಗೆ, ನಾಗೇಂದ್ರಣ್ಣ, ಆರು ಸಲ ಓಟಿಪಿ ಕಳ್ಸಿದೀನಿ, ಓಗಿದೆ ಅಂತ ಇಲ್ಲಿ ತೋರಿಸ್ತದೆ ಅಂದ. ಥೂ ಸುಳ್ಳ ಅಂದೆ. ಅವ್ವ ಬಿಡಿಸ್ದಿದ್ರೆ ಅವತ್ತು ಒಂದೇಟು ಬಿಟ್ಟೇ ಬಿಡ್ತಿದ್ದೆ. ಯಾರಿಗೋಸ್ಕರ ಮಾಡ್ದೆ ಅದನ್ನ? ಅಷ್ಟು ಮಾಡಿದೋನಿಗೆ ಈಗ ಈ ನಗೆ.

ಅವತ್ತು ಫೋನೇ ನನ್ ಕೈಲಿರ್ಲಿಲ್ಲ ಕಣೆ. ಫ್ಯಾಕ್ಟ್ರಿ ಒಳಕ್ಕೆ ಫೋನ್ ಬಿಡಲ್ಲ, ಗೇಟಲ್ಲೇ ಪೆಟ್ಟಿಗೇಲಿಟ್ಟು ಬೀಗ ಆಕಿ ಓಗ್ಬೇಕು... ಏನು?

ಹೌದು. ಚೆಲುವರಾಜು ಫೋನಿಂದ ನೀನು ಮಾಡ್ದಾಗ ಎತ್ತಿದ್ದು ನಾನೇ. ಮೂರು ಸಲ ಎತ್ತಿದೀನಿ. ಬಂದಿಲ್ಲ, ಬಂದಿಲ್ಲ ಅಂದಿದೀನಿ. ಅದು ಟೀ ಬ್ರೇಕು. ಬ್ರೇಕಲ್ಲಿ ಕೊಡ್ತಾರೆ ಫೋನು... ನೀನು ಏನೂ ಕೇಳ್ಲೇ ಇಲ್ವಲ್ಲ, ಸುಮ್ನೆ ನೋಡಿದೆ ಅಷ್ಟೇ. ನಾನ್ಯಾಕೆ ಇದನ್ನೆಲ್ಲ ಬಿಡಿಸಿ ಯೋಳ್ತಿದೀನಿ?

ಏನದು? ಫೋನ್ ಯಾಕೆ ನನ್ ಕಡೆ ತಿರುಗಿಸ್ತೀಯ? ಬಿಸ್ಲಿಗೆ ಕಾಣಲ್ಲ. ತಗಿ ಆ ಕಡೆ. ತಗಿ ಅಂದೆ...

ಕೊಡಿಲ್ಲಿ.

ಎಲ್ಲಾ ಅಳಿಸಿದ್ನಲ್ಲ. ಫೋಟೋ ಅಳಿಸ್ದೆ, ವಾಟ್ಸಾಪ್ ಅಳಿಸ್ದೆ... ಮೆಸೇಜು ಯಾರು ತೆಗ್ದು ನೋಡ್ತಾರೆ ಈ ಕಾಲದಲ್ಲಿ? ರೀಚಾರ್ಜ್ ಮುಗೀತು, ಆಫರ್ ಬಂತು, ಬರೀ ಅದೇ. ಅದ್ರ ಮಧ್ಯೆ ಇದೂ ಇರ್ತದೆ ಅಂತ... ಮೂರು ಗಂಟೆ ಹನ್ನೆರಡು ನಿಮಿಷ. ಮೂರು ಹದಿನಾಲ್ಕು. ಮೂರು ಇಪ್ಪತ್ತು... ಸಾಕು ಬಿಡು, ಬೆರಳು ತೆಗಿ. ಆರು. ಆರೂ ಬಂದವೆ.

ಯಾವಾಗ ನೋಡ್ದೆ ಇದನ್ನ? ನಿನ್ನೆ ಸಂಜೆನೇ? ನಿನ್ನೆ ಸಂಜೆ ನೋಡಿ, ಬೆಳಿಗ್ಗೆ ಎದ್ದು ನಂಗೆ ಟೀ ಕಾಯ್ಸಿ ಕೊಟ್ಯಲ್ಲೇ ಕೂಸೇ. ಸಕ್ಕರೆ ಸಾಕಾ ಅಂತ ಬೇರೆ ಕೇಳ್ದೆ. ಬಸ್ಸಲ್ಲಿ ಪಕ್ಕದಲ್ಲೇ ಕೂತು ಬಂದೆ. ನಾನು ಇಷ್ಟೊತ್ತು ಬೊಗಳಿದ್ದನ್ನೆಲ್ಲ ಕೇಳಿಸ್ಕಂಡು... ನಾನೇ ಬಾಯ್ಬಿಡ್ಲಿ ಅಂತ ಕಾಯ್ತಿದ್ಯಾ?

ಮೊದಲ್ನೇದು ಬಂದಾಗ ಓದಿ ಯೋಳೋಣ ಅಂತಾನೇ ಇದ್ದೆ. ಸತ್ಯವಾಗ್ಲೂ. ಅಂಕಿ ನಾಲಗೆ ಮೇಲಿತ್ತು. ಪಕ್ಕದಲ್ಲಿ ನಮ್ಮ ಶಿಫ್ಟಿನ ಮಾದು ಟೀ ಕುಡೀತಾ ನಿಂತಿದ್ದ. ಏನ್ಲಾ ನಾಗೇಂದ್ರ, ತಂಗಿ ಡಾಕ್ಟ್ರಾಯ್ತಾಳಂತೆ, ಇನ್ಮೇಲೆ ನಿನ್ನ ಡಾಕ್ಟ್ರಮ್ಮನ ಅಣ್ಣ ಅನ್ಬೇಕು ಅಂದು ನಕ್ಕ. ತಮಾಷೆಗೆ ಕಣೆ, ಒಳ್ಳೇವ್ನು ಅವ್ನು. ನಂಗೆ ಮಾತ್ರ ಆ ಕ್ಲಾಸು ನಕ್ಕಂಗೆ ಕೇಳಿಸ್ತು. ಅರವತ್ತು ಜನ. ನಾನ್ ತಲೆ ತಗ್ಗಿಸ್ಕೊಂಡು ಓಡಿಬಂದ ಕಡೆ ಇವಳು ಓಗಿ ನಿಂತ್ಕತಾಳೆ, ಕೇಳಿದ್ದಕ್ಕೆಲ್ಲ ಉತ್ತರ ಯೋಳ್ತಾಳೆ, ಗೆದ್ದು ಬತ್ತಾಳೆ... ಹೊಟ್ಟೆ ಉರೀತು. ಬಂದಿಲ್ಲ ಅಂದ್ಬಿಟ್ಟೆ. ಒಂದ್ಸಲ ಅಂದ್ಮೇಲೆ ಎರಡ್ನೇ ಸಲ ಕಷ್ಟ ಆಗಲ್ಲ. ಆರನೇದು ಬಂದಾಗ ಫೋನ್ ಬೋರಲಾಕಿ ಟೀ ಕುಡ್ದೆ.

ಅಪ್ಪನ ಕಾಲೂ ಸುಳ್ಳು ಕಣೆ. ಅಂದ್ರೆ ಕಾಲು ಮುರ್ದಿದ್ದು ನಿಜ, ಅದು ದೀಪಾವಳಿಲಿ. ನಾನು ಮೈಸೂರಿಂದ ಪೆಟ್ಟಿಗೆ ಒತ್ಕಂಡು ಬಂದಿದ್ದು ದಸರಾಕ್ಕೆ. ಆಗ ನಿಂಗೆ ಎಂಟು ವರ್ಷ, ನೆನಪಿರಲ್ಲ... ಅದೆಯಾ? ದಸರಾ ರಜೆ ಮುಗಿದ್ರೂ ಅಣ್ಣ ಯಾಕೆ ಓಗ್ಲಿಲ್ಲ ಅಂತ ಅವತ್ತೇ ಅವ್ವನ್ನ ಕೇಳಿದ್ಯಾ? ಅಂದ್ರೆ ಅವ್ವಂಗೂ... ಇಷ್ಟು ವರ್ಷ ನೀವಿಬ್ರೂ ನನ್ ಮುಖಕ್ಕೆ ಒಂದ್ ಮಾತು ಎಸೀಲಿಲ್ವಲ್ಲೇ. ಊರೆಲ್ಲ ಹುಚ್ಚಯ್ಯನ ಮಗ ಮನೆಗೋಸ್ಕರ ಓದು ಬಿಟ್ಟ ಅಂದಾಗ್ಲೂ ಸುಮ್ನಿದ್ರಿ.

ಬೈಯಿ. ನಿನ್ ಕಾಲಿಗೆ ಬೀಳ್ತೀನಿ, ಒಂದ್ ಮಾತು ಬೈಯಿ. ಹಸು ಕರು ಆಕಲಾರ್ದೆ ಒದ್ದಾಡ್ದಾಗ ಮೊಣಕೈವರ್ಗೂ ಕೈ ಆಕಿ ಕರು ಎಳ್ದೋಳು ನೀನು. ಆ ಕೈಯಲ್ಲಿ ಒಂದ್ ಏಟಾದ್ರೂ ಆಕು. ಮುಂದಿನ ವರ್ಷ ಮತ್ತೆ ಪರೀಕ್ಷೆ ಬರಿ, ನಾನೇ ನಿಂತು... ಯಾಕೆ ತಲೆ ಅಲ್ಲಾಡಿಸ್ತೀಯ? ಬರೀತೀಯ, ಆದ್ರೆ ನಾನು ನಿಲ್ಲೋದ್ ಬೇಡ. ಅಷ್ಟೇನಾ?

ಪೆನ್ನು ತಗಂಡ್ಯಾ? ಸರಿ, ಬರಿ. ಒಂಬತ್ತು... ಏಳು... ನಂದು ಒಂಬತ್ತು ಎಂಟು ಕಣೆ, ಏಳಲ್ಲ. ತಪ್ಪಾಯ್ತು ನೋಡು, ಅಳಿಸು... ಅವ್ವಂದಾ? ಆ ಬಟನ್ ಫೋನಾ? ಅವ್ವಂಗೆ ಓದಕ್ಕೆ ಬರಲ್ವಲ್ಲೇ. ಕಾಲೇಜಿಂದ ಏನೇ ಬರ್ಲಿ, ಅವ್ವ ಅದನ್ನ...

ಅಂಕಿ ಬತ್ತದೆ. ಹೌದು, ಅವ್ವಂಗೆ ಅಂಕಿ ಬತ್ತದೆ. ಡೈರಿಲಿ ಹಾಲು ಆಕುವಾಗ ಮಿಷಿನ್ ಮೇಲೆ ಬರೋದನ್ನ ಒಂದೊಂದೇ ಅಂಕಿ ಓದ್ತಾಳೆ. ತಪ್ಪು ಬರ್ಕಂಡೋನ್ನ ಎರಡು ಸಲ ಇಡ್ದವ್ಳೆ. ಆರು ಅಂಕಿ ಬಂದ್ರೆ ಆರೂ ಯೋಳ್ತಾಳೆ. ನೀನು ಕೇಳಿದ ತಕ್ಷಣ ಯೋಳ್ತಾಳೆ.

ಕೌಂಟರ್ ತೆಗೆದ್ರು, ಎದ್ದೇಳು. ಹಾಳೆ ಹಿಂದೆ ಪೋಷಕರ ಸೈನ್ ಅಂತ ಅದೆ, ತಿರುಗಿಸು, ಅದಕ್ಕಾದ್ರೂ ನಾನು... ಇದೇನು? ಅವ್ವನ ಹೆಬ್ಬೆಟ್ಟು ಬೆಳಿಗ್ಗೆನೇ ಆಕಿಸ್ಕಂಡು ಬಂದಿದೀಯ.